ಹಗುರ ಲ್ಯಾಪ್‌ಟಾಪ್‌: ಬದಲಿಸಲಾಗದ್ದನ್ನು ಮೊದಲು ನೋಡಿ

ಲ್ಯಾಪ್‌ಟಾಪ್‌ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಪ್ರೊಸೆಸರ್‌ ಯಾವುದೆಂದು. ಎರಡು ಮೂರು ವರ್ಷ ಬಳಸಿ ಮಾರುವವರಿಗೆ ಅದು ಸರಿ. ಆರೇಳು ವರ್ಷ ದಿನವೂ ಬಳಸಬೇಕೆನ್ನುವವರು ಬೇರೆ ದಾರಿ ಹಿಡಿಯಬೇಕು. ಯಂತ್ರವನ್ನು ತೆಳ್ಳಗೆ, ಹಗುರವಾಗಿ ಮಾಡುವಾಗ ತಯಾರಕರು ಅನೇಕ ಭಾಗಗಳನ್ನು ಬೆಸುಗೆ ಹಾಕಿಯೋ ಅಂಟಿಸಿಯೋ ಶಾಶ್ವತವಾಗಿ ಕೂರಿಸಿಬಿಡುತ್ತಾರೆ. ಆದ್ದರಿಂದ ಕೊಂಡ ಮೇಲೆ ಯಾವುದನ್ನು ಬದಲಿಸಲು ಆಗುವುದಿಲ್ಲವೋ ಅದರಿಂದಲೇ ಆಯ್ಕೆ ಶುರುವಾಗಲಿ.

ಹಂತ 1: ತೂಕದ ಲೆಕ್ಕ

13ರಿಂದ 14 ಇಂಚಿನ ಪರದೆಯ ಲ್ಯಾಪ್‌ಟಾಪ್‌ 1ರಿಂದ 1.4 ಕಿಲೋ ತೂಗಿದರೆ ಹಗುರವೆಂದೇ ಲೆಕ್ಕ. ಆದರೆ ಹೆಗಲ ಮೇಲೆ ಬೀಳುವುದು ಲ್ಯಾಪ್‌ಟಾಪ್‌ ಮತ್ತು ಚಾರ್ಜರ್‌ ಎರಡರ ಭಾರ. ಕೆಲವು ಚಾರ್ಜರ್‌ಗಳು ವೈರ್‌ ಸೇರಿ 300 ಗ್ರಾಂ ದಾಟುತ್ತವೆ. ಟೈಪ್‌-ಸಿ ಪೋರ್ಟ್‌ನಿಂದ ಚಾರ್ಜ್‌ ಆಗುವ ಮಾದರಿಯಾದರೆ 65 ವಾಟ್‌ನ ಪುಟ್ಟ ಚಾರ್ಜರ್‌ ಒಂದೇ ಮೊಬೈಲ್‌ಗೂ ಸಾಕಾಗುತ್ತದೆ. ಜಾಹೀರಾತಿನಲ್ಲಿ ತೂಕದ ಅಂಕಿಯ ಪಕ್ಕ ‘ಇಷ್ಟರಿಂದ ಆರಂಭ’ ಎಂದಿದ್ದರೆ ಅದು ಆ ಮಾದರಿಯ ಅತಿ ಹಗುರ ಆವೃತ್ತಿಯದು. ಟಚ್‌ಸ್ಕ್ರೀನ್‌ ಅಥವಾ ದೊಡ್ಡ ಬ್ಯಾಟರಿ ಬೇಕೆಂದರೆ ಅಂಕಿ ಏರುತ್ತದೆ.

ಒಂದು ಕಿಲೋಗಿಂತ ಕೆಳಗಿಳಿಯುವ ಯಂತ್ರಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ಉಳಿಸಿದ ಗ್ರಾಂಗಳು ಬಹಳ ಸಲ ಬ್ಯಾಟರಿಯಿಂದಲೋ ಮುಚ್ಚಳದ ಗಟ್ಟಿತನದಿಂದಲೋ ಕಡಿತವಾಗಿರುತ್ತವೆ. 1.2–1.3 ಕಿಲೋದ ಆಸುಪಾಸಿನಲ್ಲಿ ಹುಡುಕುವುದು ಜಾಣತನ.

ಹಂತ 2: ರ‍್ಯಾಮ್‌

ತೆರೆದಿರುವ ಕೆಲಸಗಳನ್ನು ಯಂತ್ರ ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ಸ್ಮರಣೆಯೇ ರ‍್ಯಾಮ್‌. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಹಗುರ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲಿನವು ಬಳಸುವುದು ಎಲ್‌ಪಿಡಿಡಿಆರ್‌ ಬಗೆಯ ರ‍್ಯಾಮ್‌. ಇದು ಕಡಿಮೆ ವಿದ್ಯುತ್‌ ಕುಡಿಯುತ್ತದೆ. ಆದರೆ ಸಾಮಾನ್ಯವಾಗಿ ಮದರ್‌ಬೋರ್ಡ್‌ಗೆ (ಯಂತ್ರದ ಮುಖ್ಯ ಫಲಕಕ್ಕೆ) ಬೆಸುಗೆಯಾಗಿರುತ್ತದೆ. ಆ್ಯಪಲ್‌ನ ಎಂ ಸರಣಿಯಲ್ಲಿ, ಇಂಟೆಲ್‌ನ ಕೋರ್‌ ಅಲ್ಟ್ರಾ 200ವಿ ಸರಣಿಯಲ್ಲಿ ಅದು ಪ್ರೊಸೆಸರ್‌ನ ಪ್ಯಾಕೇಜಿನೊಳಗೇ ಕುಳಿತಿದೆ. ಮುಂದೆ ಸೇರಿಸೋಣ ಎಂಬ ಮಾತಿಗೇ ಅವಕಾಶವಿಲ್ಲ.

ಹತ್ತಿಪ್ಪತ್ತು ಬ್ರೌಸರ್‌ ಟ್ಯಾಬ್‌, ಒಂದು ವಿಡಿಯೊ ಸಭೆ, ಒಂದು ಸ್ಪ್ರೆಡ್‌ಶೀಟ್‌ ಒಟ್ಟಿಗೆ ತೆರೆದರೆ 8 ಜಿಬಿ ಈಗಲೇ ಏದುಸಿರು ಬಿಡುತ್ತದೆ. ಪ್ರತ್ಯೇಕ ಗ್ರಾಫಿಕ್ಸ್‌ ಕಾರ್ಡ್‌ ಇಲ್ಲದ ಯಂತ್ರಗಳಲ್ಲಿ ಚಿತ್ರ ಮೂಡಿಸುವ ಕೆಲಸಕ್ಕೂ ಅದೇ ರ‍್ಯಾಮ್‌ನಿಂದ ಪಾಲು ಹೋಗುತ್ತದೆ. ಜಾಗ ಸಾಲದಾದಾಗ ವ್ಯವಸ್ಥೆ, ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯನ್ನು ತಾತ್ಕಾಲಿಕ ರ‍್ಯಾಮ್‌ನಂತೆ ಬಳಸಿಕೊಳ್ಳುತ್ತದೆ, ಎಲ್ಲವೂ ತೆವಳತೊಡಗುತ್ತದೆ. ಮೈಕ್ರೊಸಾಫ್ಟ್‌ 2024ರಲ್ಲಿ ಎಐ ಕೆಲಸಗಳಿಗೆಂದು ರೂಪಿಸಿದ ತನ್ನ ‘ಕೋಪೈಲಟ್‌ ಪ್ಲಸ್‌’ ಕಂಪ್ಯೂಟರ್‌ಗಳಿಗೆ ಕನಿಷ್ಠ 16 ಜಿಬಿ ನಿಗದಿಪಡಿಸಿತು. ಸಾಮಾನ್ಯ ಬಳಕೆದಾರರಿಗೂ ಅದನ್ನೇ ಕನಿಷ್ಠ ಎಂದುಕೊಳ್ಳಿ. ವಿಡಿಯೊ ಸಂಕಲನ, ಪ್ರೋಗ್ರಾಮಿಂಗ್‌ ಮಾಡುವವರು 32 ಜಿಬಿ ನೋಡಲಿ. ಹಣ ಸೀಮಿತವಾಗಿದ್ದು ಪ್ರೊಸೆಸರ್‌ ಅಥವಾ ರ‍್ಯಾಮ್‌ ಪೈಕಿ ಒಂದನ್ನು ಬಿಡಬೇಕಾಗಿ ಬಂದರೆ, ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿಯಿರಿ.

ಹಂತ 3: ಕಣ್ಣಿಗೆ ಪರದೆ, ಬೆರಳಿಗೆ ಕೀಬೋರ್ಡ್‌

ವರ್ಷಗಟ್ಟಲೆ ನಿಮ್ಮ ಕಣ್ಣು, ಬೆರಳು ವ್ಯವಹರಿಸುವುದು ಇವೆರಡರ ಜೊತೆ. 16:10 ಅನುಪಾತದ ಪರದೆ, 16:9ಕ್ಕಿಂತ ತುಸು ಎತ್ತರ. ಓದುವಾಗ, ಬರೆಯುವಾಗ ಕೆಲವು ಸಾಲು ಹೆಚ್ಚು ಕಾಣುತ್ತದೆ. 14 ಇಂಚಿಗೆ 1920×1200 ಪಿಕ್ಸೆಲ್‌ ಸಾಕು. 4ಕೆ ಪರದೆ ಅಷ್ಟು ಸಣ್ಣ ಅಳತೆಯಲ್ಲಿ ಹೆಚ್ಚಾಗಿ ಬ್ಯಾಟರಿ ನುಂಗುವ ಶೋಕಿ. ಪ್ರಖರತೆ 300 ನಿಟ್ಸ್‌ಗಿಂತ (ಪರದೆಯ ಬೆಳಕನ್ನು ಅಳೆಯುವ ಮಾನ) ಕಡಿಮೆ ಬೇಡ. ಕಿಟಕಿ ಪಕ್ಕ ಕೂರುವವರಿಗೆ 400 ಇದ್ದರೆ ಹಿತ.

ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಒಎಲ್‌ಇಡಿ ಪರದೆ ಅಂಗಡಿಯಲ್ಲಿ ಮನಸೆಳೆಯುತ್ತದೆ. ಆದರೆ ಪರದೆಯ ಅಂಚಿನ ಟಾಸ್ಕ್‌ಬಾರ್‌ನಂತಹ ಕದಲದ ಚಿತ್ರ ವರ್ಷಗಳ ಬಳಕೆಯಲ್ಲಿ ಅಚ್ಚೊತ್ತಿಕೊಳ್ಳುವ ಸಾಧ್ಯತೆ ಇದೆ. ಬೆಳಕು ತಗ್ಗಿಸಿದಾಗ ಅನೇಕ ಒಎಲ್‌ಇಡಿಗಳು ಕಣ್ಣಿಗೆ ಗೋಚರಿಸದಷ್ಟು ವೇಗವಾಗಿ ಮಿನುಗುತ್ತವೆ. ಕೆಲವರಿಗೆ ಇದರಿಂದ ತಲೆನೋವು ಬರುವುದುಂಟು. ದೀರ್ಘಕಾಲಕ್ಕೆ ಪ್ರತಿಫಲನ ಕಡಿಮೆ ಇರುವ ಮ್ಯಾಟ್‌ ಐಪಿಎಸ್‌ (ಎಲ್‌ಸಿಡಿಯ ಒಂದು ಬಗೆ) ಪರದೆಗೇ ನನ್ನ ಮತ.

ಅನೇಕ ಹಗುರ ಮಾದರಿಗಳಲ್ಲಿ ಕೀಬೋರ್ಡ್‌ ಮೇಲಿನ ಕವಚಕ್ಕೆ ರಿವೆಟ್‌ ಹೊಡೆದು ಕೂರಿಸಿರುತ್ತದೆ. ಒಂದು ಕೀ ಕೆಟ್ಟರೂ ಇಡೀ ಕವಚ ಬದಲಿಸಬೇಕಾದೀತು. ಕೊಳ್ಳುವ ಮುನ್ನ ನಿಂತಲ್ಲೇ ಒಂದು ಪುಟ ಟೈಪ್‌ ಮಾಡಿ. ಎರಡು ಮೂಲೆ ಹಿಡಿದು ನವಿರಾಗಿ ತಿರುಚಿ, ಕಿರುಗುಟ್ಟುತ್ತದೆಯೇ ಕೇಳಿ. ಮುಚ್ಚಳ ತೆರೆದು ಮೇಜನ್ನು ಅಲ್ಲಾಡಿಸಿ. ಪರದೆ ಬಹಳ ಹೊತ್ತು ತೂಗಾಡಿದರೆ ಕೀಲು ಸಡಿಲ. ‘ಸೇನಾ ದರ್ಜೆ’ ಎಂಬ ಮುದ್ರೆಗೆ ಮರುಳಾಗಬೇಡಿ: ಅಮೆರಿಕದ ಸೇನೆಯ ಮಿಲ್‌-ಎಸ್‌ಟಿಡಿ-810 ಮಾನದಂಡದ ಯಾವ ಯಾವ ಪರೀಕ್ಷೆ ಮಾಡಿಸಬೇಕೆಂದು ಆರಿಸುವವರು ತಯಾರಕರೇ.

ಹಂತ 4: ಪ್ರೊಸೆಸರ್‌ನ ಹೆಸರಿನೊಳಗೆ ಇಣುಕಿ

ದಿನನಿತ್ಯದ ಕೆಲಸಕ್ಕೆ ಇಂದಿನ ಮಧ್ಯಮ ದರ್ಜೆಯ ಪ್ರೊಸೆಸರ್‌ ಧಾರಾಳವಾಗಿ ಸಾಕು. ಎಡವುವುದು ಹೆಸರುಗಳಲ್ಲಿ. ಎಎಂಡಿಯ ರೈಜನ್‌ 5 7520ಯು 2022ರಲ್ಲಿ ಬಂದದ್ದು. ಆದರೆ ಅದರೊಳಗಿರುವುದು 2019ರಲ್ಲೇ ಕಾಲಿಟ್ಟ ಝೆನ್‌ 2 ವಿನ್ಯಾಸ. ಆ ಸರಣಿಯಲ್ಲಿ ಗುಟ್ಟು ಹೇಳುವುದು ಮೂರನೆಯ ಅಂಕಿ: 7520ರಲ್ಲಿನ ‘2’ ಎಂದರೆ ಝೆನ್‌ 2. ಇಂಟೆಲ್‌ನಲ್ಲಿ ಕೊನೆಯ ಅಕ್ಷರ ನೋಡಿ: ‘ಯು’, ‘ವಿ’ ಎಂದರೆ ಮಿತವ್ಯಯಿ, ‘ಎಚ್‌’ ಎಂದರೆ ಹೆಚ್ಚು ಶಕ್ತಿ, ಹೆಚ್ಚು ಬಿಸಿ. ತೆಳ್ಳಗಿನ ಕವಚಕ್ಕೆ ‘ಎಚ್‌’ ತುರುಕಿದರೆ ಬಿಸಿಯೇರಿದಾಗ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಫ್ಯಾನ್‌ ಸದ್ದು ಮಾತ್ರ ನಿಮ್ಮ ಪಾಲಿಗೆ.

ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್‌ ಎಕ್ಸ್‌ ಪ್ರೊಸೆಸರ್‌ ಇರುವ ವಿಂಡೋಸ್‌ ಯಂತ್ರಗಳ ಬ್ಯಾಟರಿ ಬಾಳಿಕೆ ಚೆನ್ನಾಗಿದೆ. ಆದರೆ ಅವು ಇಂಟೆಲ್‌, ಎಎಂಡಿಗಳಿಗಿಂತ ಬೇರೆಯಾದ ಆರ್ಮ್‌ ವಿನ್ಯಾಸದವು. ಹಳೆಯ ಪ್ರಿಂಟರ್‌, ಸ್ಕ್ಯಾನರ್‌, ಕಚೇರಿಯ ವಿಶೇಷ ತಂತ್ರಾಂಶವಿದ್ದರೆ ಹೊಂದುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಹಂತ 5: ಬ್ಯಾಟರಿ, ಗಂಟೆಗಳಲ್ಲಲ್ಲ

‘20 ಗಂಟೆ’ ಎಂಬ ಹೇಳಿಕೆ ಸಾಮಾನ್ಯವಾಗಿ ಬೆಳಕು ತಗ್ಗಿಸಿ ವಿಡಿಯೊ ಓಡಿಸಿದಾಗಿನ ಅಳತೆ. ನೀವು ಕೇಳಬೇಕಾದದ್ದು ಬ್ಯಾಟರಿ ಎಷ್ಟು ಶಕ್ತಿ ತುಂಬಿಕೊಳ್ಳುತ್ತದೆಂದು ಹೇಳುವ ವಾಟ್‌-ಅವರ್‌ ಅಂಕಿ. 54 ವಾಟ್‌-ಅವರ್‌ ಬ್ಯಾಟರಿಯ ಯಂತ್ರ ಸರಾಸರಿ 6 ವಾಟ್‌ ಬಳಸಿದರೆ 9 ಗಂಟೆ, ವಿಡಿಯೊ ಸಭೆಯಲ್ಲಿ 12 ವಾಟ್‌ ಎಳೆದರೆ ನಾಲ್ಕೂವರೆ ಗಂಟೆ. ಲೀಥಿಯಂ ಅಯಾನ್‌ ಬ್ಯಾಟರಿ ಕೆಲವು ನೂರು ಚಾರ್ಜ್‌ ಸುತ್ತುಗಳ ನಂತರ ಕುಗ್ಗುತ್ತಾ ಹೋಗುತ್ತದೆ. ಹೀಗಾಗಿ ಆರೇಳು ವರ್ಷದ ಬಾಳಿಕೆಯಲ್ಲಿ ಒಮ್ಮೆ ಅದನ್ನು ಬದಲಿಸುವುದು ಬಹುತೇಕ ಖಚಿತ. ತಯಾರಕರ ಜಾಲತಾಣದಲ್ಲಿ ಆ ಮಾದರಿಯ ದುರಸ್ತಿ ಕೈಪಿಡಿ ಸಿಗುತ್ತದೆಯೇ, ಬ್ಯಾಟರಿ ತಿರುಪಿನಲ್ಲಿದೆಯೇ ಅಂಟಿನಲ್ಲಿದೆಯೇ ನೋಡಿ. ಕಚೇರಿ ಬಳಕೆಗೆಂದೇ ತಯಾರಾಗುವ ಲೆನೊವೊದ ಥಿಂಕ್‌ಪ್ಯಾಡ್‌, ಎಚ್‌ಪಿಯ ಎಲೀಟ್‌ಬುಕ್‌, ಡೆಲ್‌ನ ಲ್ಯಾಟಿಟ್ಯೂಡ್‌ (2025ರಲ್ಲಿ ಈ ಹೆಸರು ಕೈಬಿಡಲಾಯಿತು) ಸಾಲಿನ ಯಂತ್ರಗಳಿಗೆ ಇಂಥ ಕೈಪಿಡಿ ಸಿಗುತ್ತದೆ. ಚಾರ್ಜ್‌ ಅನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ, ಸದಾ ಪ್ಲಗ್‌ನಲ್ಲಿಟ್ಟು ಬಳಸುವವರು ಅದನ್ನು ಮೊದಲ ದಿನವೇ ಆನ್‌ ಮಾಡಲಿ.

ಹಂತ 6: ಉಳಿದವು ಬೇಗ ಬೇಗ

ಎಸ್‌ಎಸ್‌ಡಿ 512 ಜಿಬಿ ಸಾಕು. ಅದು ಬಿಚ್ಚಿ ತೆಗೆಯಬಹುದಾದ ಎಂ.2 ಸ್ಲಾಟ್‌ನಲ್ಲಿದ್ದರೆ ಮುಂದೆ ದೊಡ್ಡದನ್ನು ಹಾಕಬಹುದು. ಟೈಪ್‌-ಸಿ ಪೋರ್ಟ್‌ ಎರಡಾದರೂ ಇರಲಿ. ದಿನವೂ ಚುಚ್ಚಿ ತೆಗೆಯುವ ಚಾರ್ಜಿಂಗ್‌ ಪೋರ್ಟ್‌ ಸಡಿಲಗೊಂಡರೆ ಇನ್ನೊಂದು ಆಸರೆಯಾಗುತ್ತದೆ.

ಹಂತ 7: ಬೆಂಬಲದ ಗಡುವು

ಯಂತ್ರ ಗಟ್ಟಿಯಾಗಿದ್ದರೂ ತಂತ್ರಾಂಶ ಕೈಬಿಡಬಹುದು. 2021ರಲ್ಲಿ ವಿಂಡೋಸ್‌ 11 ಬಂದಾಗ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಅರ್ಹತಾ ಪಟ್ಟಿಯಿಂದ ಹೊರಗುಳಿದವು. ವಿಂಡೋಸ್‌ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ 14ಕ್ಕೆ ಮುಗಿಯಿತು. ಗೂಗಲ್‌ನ ಕ್ರೋಮ್‌ಒಎಸ್‌ ಬಳಸುವ ಲ್ಯಾಪ್‌ಟಾಪ್‌ಗಳಾದ ಕ್ರೋಮ್‌ಬುಕ್‌ಗಳಲ್ಲಿ 2021ರಿಂದೀಚಿನವಕ್ಕೆ 10 ವರ್ಷದ ಅಪ್‌ಡೇಟ್‌ ಇದೆ, ಆದರೆ ಆ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿಗೆ ಆಧಾರವಾದ ಯಂತ್ರಾಂಶ ವೇದಿಕೆ ಬಿಡುಗಡೆಯಾದ ದಿನದಿಂದ. ರಿಯಾಯಿತಿಯಲ್ಲಿ ಸಿಗುವ ಹಳೆಯ ಮಾದರಿಗೆ ಎಷ್ಟು ವರ್ಷ ಉಳಿದಿದೆ ಎಂದು ಎಣಿಸಿ ನೋಡಿ.

ಹಂತ 8: ಮನೆಗೆ ತಂದ ಮೇಲೆ

ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಯಂತ್ರವನ್ನು ಸತಾಯಿಸಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ತುಂಬಿಸಿ ಸತ್ತ ಪಿಕ್ಸೆಲ್‌ ಹುಡುಕಿ. ಒಂದು ಗಂಟೆಯ ವಿಡಿಯೊ ಸಭೆ ನಡೆಸಿ, ಮೈಕ್‌, ಕ್ಯಾಮೆರಾ, ಫ್ಯಾನ್‌ ಸದ್ದು ಗಮನಿಸಿ. ರಾತ್ರಿ ಚಾರ್ಜ್‌ ಎಷ್ಟಿದೆಯೆಂದು ಬರೆದಿಟ್ಟು, ಚಾರ್ಜರ್‌ ಕಿತ್ತು, ಮುಚ್ಚಳ ಮುಚ್ಚಿ ಮಲಗಿ. ಬೆಳಿಗ್ಗೆ ಶೇ 15–20ರಷ್ಟು ಇಳಿದಿದ್ದರೆ ಅಥವಾ ಯಂತ್ರ ಮುಟ್ಟಲು ಬೆಚ್ಚಗಿದ್ದರೆ ಅದು ಸರಿಯಾಗಿ ನಿದ್ರಿಸುತ್ತಿಲ್ಲ. ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ಮರುದಿನ ಮತ್ತೆ ಪರೀಕ್ಷಿಸಿ. ಆಗಲೂ ಅದೇ ಕತೆಯಾದರೆ ಪೆಟ್ಟಿಗೆಗೆ ತುಂಬಿ ಹಿಂತಿರುಗಿಸಿ.