ಮಳೆಗಾಲದಲ್ಲಿ ಮೇಕೆ, ದನಗಳ ಆರೈಕೆ: ಔಷಧದ ಬಾಟಲಿಗೆ ಮೊದಲು ಕಣ್ಣರೆಪ್ಪೆ ನೋಡಿ

ಮುಂಗಾರು ಹಿಡಿದು ನಾಲ್ಕೈದು ವಾರ ಕಳೆದು, ಗೋಮಾಳದಲ್ಲಿ ಹಸಿರು ಚಿಗುರಿದ ಹೊತ್ತಿಗೆ ಮೇಕೆಗಳು ಮೈತುಂಬಿಕೊಳ್ಳಬೇಕು. ಆದರೆ ಅನೇಕ ಹಿಂಡುಗಳಲ್ಲಿ ಆಗುವುದೇ ಬೇರೆ. ಒಂದೆರಡು ಮೇಕೆಗಳು ಮೇಯಲು ಹೋದಾಗ ಹಿಂದೆ ಬೀಳುತ್ತವೆ, ಗದ್ದದ ಕೆಳಗೆ ನೀರು ತುಂಬಿದ ಬಾವು ಕಾಣಿಸಿಕೊಳ್ಳುತ್ತದೆ, ಭೇದಿಯೂ ಇಲ್ಲದೆ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿರುತ್ತವೆ. ಇದಕ್ಕೆ ಬಹುಪಾಲು ಕಾರಣ ಹಿಮಾಂಕಸ್ ಎಂಬ ಜಂತುಹುಳು. ಮೇಕೆಯ ನಾಲ್ಕನೆಯ ಹೊಟ್ಟೆಗೆ ಕಚ್ಚಿಕೊಂಡು ರಕ್ತ ಹೀರುವ ಈ ಹುಳು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿ.ಲೀ. ಆಯಿತು. 25 ಕೆ.ಜಿ. ತೂಕದ ಮೇಕೆಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿಗಿಂತ ಕಡಿಮೆ ಎಂಬುದನ್ನು ನೆನೆದರೆ ಅದು ಎಷ್ಟು ದಿನ ತಡೆದೀತು ಎಂಬುದು ತಾನೇ ತಿಳಿಯುತ್ತದೆ.

ಇಂಥ ಸಾವು ಕಂಡ ಕೂಡಲೇ ಅಂಗಡಿಯಿಂದ ಬಾಟಲಿ ತಂದು, ಇಡೀ ಹಿಂಡಿಗೆ ಅಂದಾಜಿನ ಮೇಲೆ ಕುಡಿಸುವುದು ರೂಢಿ. ಈ ರೂಢಿಯನ್ನು ಬಿಡಬೇಕು. ಹಿಂಡಿನ ಬಹುಪಾಲು ಹುಳುಗಳು ಕೆಲವೇ ಮೇಕೆಗಳ ಹೊಟ್ಟೆಯಲ್ಲಿರುತ್ತವೆ. ಎಲ್ಲಕ್ಕೂ ಪದೇ ಪದೇ ಔಷಧ ಹಾಕಿದರೆ ಅದಕ್ಕೆ ಜಗ್ಗದ ಹುಳುಗಳಷ್ಟೇ ಉಳಿದು, ಅವುಗಳ ಸಂತತಿಯೇ ಬೆಳೆದು, ಕೆಲವೇ ವರ್ಷಗಳಲ್ಲಿ ಆ ಔಷಧ ನಿಮ್ಮ ಹಿಂಡಿಗೆ ನೀರಿಗೆ ಸಮಾನವಾಗುತ್ತದೆ.

ರೆಪ್ಪೆ ನೋಡುವ ಕ್ರಮ

ಬೆಳಕಿರುವ ಕಡೆ ಮೇಕೆಯನ್ನು ಹಿಡಿಯಿರಿ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣುಗುಡ್ಡೆಯ ಮೇಲೆ ಮೆತ್ತಗೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆಯನ್ನು ಕೆಳಕ್ಕೆಳೆದರೆ ಒಳಪದರ ಹೊರಚಾಚುತ್ತದೆ. ದಾಸವಾಳದ ಎಸಳಿನಂತೆ ಕೆಂಪಗಿದ್ದರೆ ಚಿಂತೆಯಿಲ್ಲ. ತಿಳಿಗುಲಾಬಿಗೆ ತಿರುಗಿದ್ದರೆ ಮೇಕೆಯ ಮಟ್ಟಿಗೆ ಔಷಧ ಹಾಕುವುದೇ ಲೇಸು. ಕಾಗದದಂತೆ ಬಿಳಿಚಿಕೊಂಡಿದ್ದರೆ ಅಂದೇ ಚಿಕಿತ್ಸೆ ಆಗಬೇಕು, ಮತ್ತು ಅಂಥ ಮೇಕೆಯನ್ನು ಓಡಿಸದೆ, ಮೇಯಲು ದೂರ ಕಳಿಸದೆ ಮನೆಯಲ್ಲೇ ಕಟ್ಟಿ ಹಿಂಡಿ, ಸೊಪ್ಪು ಕೊಡಬೇಕು. ದಕ್ಷಿಣ ಆಫ್ರಿಕಾದ ಪಶುವೈದ್ಯರು ಇದನ್ನೇ ಐದು ಬಣ್ಣಗಳ ಪಟ್ಟಿಯನ್ನಾಗಿ ಮಾಡಿ 'ಫಮಾಚಾ' ಎಂದು ಹೆಸರಿಟ್ಟಿದ್ದಾರೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ನೋಡಿ, ಔಷಧ ಹಾಕಿದ ಮೇಕೆಯ ಗುರುತನ್ನು ಪುಸ್ತಕದಲ್ಲಿ ಬರೆದಿಡಿ. ಮತ್ತೆ ಮತ್ತೆ ಬಿಳಿಚುವ ಮೇಕೆಯ ಮರಿಗಳನ್ನು ತಳಿಗೆ ಉಳಿಸಿಕೊಳ್ಳಬೇಡಿ.

ರೆಪ್ಪೆ ಹೇಳುವುದು ರಕ್ತದ ಕೊರತೆಯನ್ನು ಮಾತ್ರ. ಭೇದಿ, ಬಡಕಲು ಮೈ, ಒರಟು ಕೂದಲಿಗೆ ಬೇರೆ ಹುಳುಗಳೂ ಕಾರಣವಾಗಬಹುದಾದ್ದರಿಂದ ಹಿಕ್ಕೆಯ ಪರೀಕ್ಷೆ ಮಾಡಿಸಬೇಕು. ನೆಲದಿಂದ ಆಯ್ದ ಹಳೆಯ ಹಿಕ್ಕೆ ಬೇಡ. ಆಗಷ್ಟೇ ಹಾಕಿದ ಹತ್ತು ಹನ್ನೆರಡು ಹಿಕ್ಕೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಔಷಧ ಹಾಕಿ ಹತ್ತರಿಂದ ಹದಿನಾಲ್ಕು ದಿನಗಳ ನಂತರ ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳು ಹೆಚ್ಚಾಗಿ ಕಂಡರೆ ಬೇರೆ ಗುಂಪಿನ ಔಷಧಕ್ಕೆ ಬದಲಾಯಿಸಬೇಕಾಗುತ್ತದೆ. ಕಂಪನಿಯ ಹೆಸರು ಬದಲಾದರೆ ಸಾಲದು, ಒಳಗಿನ ಔಷಧವೇ ಬದಲಾಗಬೇಕು.

ಹೀಗೆ ನೋಡಿ, ಪರೀಕ್ಷಿಸಿ ಔಷಧ ಹಾಕುವ ಕ್ರಮಕ್ಕೆ ಒಂದು ವಿನಾಯಿತಿ ಕರುಗಳದ್ದು. ದುಂಡುಹುಳುವಿನ ಮರಿಗಳು ತಾಯಿಯ ಹಾಲಿನ ಮೂಲಕವೇ ಕರುವಿನ ಹೊಟ್ಟೆ ಸೇರುವುದರಿಂದ, ಹುಟ್ಟಿದ 10ರಿಂದ 15 ದಿನಗಳೊಳಗೆ ಮೊದಲ ಜಂತುನಾಶಕ ಹಾಕಿಸಲೇಬೇಕು.

ತೂಗಿ ಕುಡಿಸಿ

ತೂಕದ ಯಂತ್ರವಿಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 28, ಉದ್ದ 26 ಇಂಚು ಇರುವ ಮೇಕೆ ಸುಮಾರು 31 ಕೆ.ಜಿ. ತೂಗುತ್ತದೆ. ಕಣ್ಣಂದಾಜಿನಲ್ಲಿ ಇದನ್ನೇ 20 ಕೆ.ಜಿ. ಎಂದು ಎಣಿಸಿ ಕುಡಿಸಿದರೆ ಹುಳು ಸಾಯುವುದಿಲ್ಲ, ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಮೇಕೆಯ ದೇಹವು ಹಲವು ಜಂತುನಾಶಕಗಳನ್ನು ಕುರಿಗಿಂತ ಬೇಗ ಹೊರಹಾಕುವುದರಿಂದ ಬಾಟಲಿಯ ಮೇಲೆ ಕುರಿಗೆಂದು ಬರೆದ ಪ್ರಮಾಣ ಮೇಕೆಗೆ ಸಾಲದೆ ಹೋಗಬಹುದು. ಎಷ್ಟು ಹೆಚ್ಚಿಸಬೇಕೆಂಬುದನ್ನು ಪಶುವೈದ್ಯರೇ ಹೇಳಬೇಕು, ಏಕೆಂದರೆ ಲೆವಾಮಿಸೋಲ್‌ನಂಥ ಔಷಧ ಅಳತೆ ಮೀರಿದರೆ ವಿಷವಾಗುತ್ತದೆ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಎಂಬ ಜಂತುನಾಶಕ ಕೊಡಕೂಡದು. ಹಾಲು ಕರೆಯುವ ಪ್ರಾಣಿಯಾದರೆ ಎಷ್ಟು ದಿನ ಹಾಲು ಬಳಸಬಾರದೆಂದು ಕೇಳಿ ತಿಳಿಯಿರಿ.

ಕುಡಿಸುವಾಗ ಮೇಕೆಯ ತಲೆ ನೆಲಕ್ಕೆ ಸಮನಾಗಿರಲಿ. ಮೂತಿಯನ್ನು ಆಕಾಶಕ್ಕೆ ಎತ್ತಿ ಸುರಿದರೆ ಔಷಧ ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮ ಕೊಟ್ಟಿಗೆಯಲ್ಲೇ ಹಾಗೆ ಅವಸರದಿಂದ ಕುಡಿಸಿದ ಒಂದು ಮರಿ ಮೂರು ದಿನ ಗೊರಗೊರ ಉಸಿರಾಡಿ ಸತ್ತಿತು. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಬಾಯಿಯ ಮೂಲೆಯಿಂದ ಸಿರಿಂಜನ್ನು ನಾಲಿಗೆಯ ಮೇಲಕ್ಕೆ ಸರಿಸಿ, ಸ್ವಲ್ಪ ಸ್ವಲ್ಪವೇ ಬಿಟ್ಟು, ನುಂಗಿದ್ದನ್ನು ನೋಡಿ ಮುಂದುವರಿಯಬೇಕು. ದನಕ್ಕೆ ಗೊಟ್ಟದಲ್ಲಿ ಕುಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಕೆಮ್ಮಿದ ಕೂಡಲೇ ತಲೆ ಬಿಡಿ.

ಮೇವಿನ ಜಾಗ

ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬೆಚ್ಚನೆಯ ತೇವದಲ್ಲಿ ಸುಮಾರು ವಾರದೊಳಗೆ ಸೋಂಕು ತರುವ ಮರಿಯಾಗಿ ಹುಲ್ಲಿನ ಬುಡದಲ್ಲಿ, ಹೆಚ್ಚಾಗಿ ನೆಲದಿಂದ ಮೂರು ನಾಲ್ಕು ಬೆರಳೆತ್ತರದೊಳಗೆ, ಇಬ್ಬನಿಯ ಹನಿಯಲ್ಲಿ ಕಾಯುತ್ತದೆ. ಆದ್ದರಿಂದ ಇಬ್ಬನಿ ಆರಿದ ಮೇಲೆಯೇ ಮೇಕೆಗಳನ್ನು ಬಿಡಬೇಕು. ಮೇಕೆ ಸ್ವಭಾವತಃ ತಲೆಯೆತ್ತಿ ಸೊಪ್ಪು ತಿನ್ನುವ ಪ್ರಾಣಿ. ಅಗಸೆ, ಸುಬಾಬುಲ್, ಹಲಸಿನ ಸೊಪ್ಪನ್ನು ಎತ್ತರಕ್ಕೆ ಕಟ್ಟಿ ತಿನ್ನಿಸಿದರೆ ಅರ್ಧ ರೋಗ ಅಲ್ಲಿಗೇ ನಿಂತಂತೆ. ಮೇಕೆ ಮೇಯ್ದ ಜಾಗದಲ್ಲಿ ನಂತರ ದೊಡ್ಡ ದನಗಳನ್ನು ಮೇಯಿಸುವುದೂ ಒಳ್ಳೆಯದು, ಮೇಕೆಯ ಬಹಳಷ್ಟು ಹುಳುಗಳು ಅವುಗಳ ಹೊಟ್ಟೆಯಲ್ಲಿ ಬದುಕುವುದಿಲ್ಲ. ಮಲೆನಾಡಿನ ಗದ್ದೆಬಯಲು, ಕೆರೆಯಂಚುಗಳಲ್ಲಿ ಮಾತ್ರ ಬೇರೆಯದೇ ಅಪಾಯವಿದೆ. ಅಲ್ಲಿನ ಬಸವನಹುಳುಗಳ ಮೂಲಕ ಯಕೃತ್ತಿನ ಹುಳು ದನ ಮೇಕೆಗಳೆರಡಕ್ಕೂ ಅಂಟುತ್ತದೆ, ಸಾಮಾನ್ಯ ಜಂತುನಾಶಕಗಳಲ್ಲಿ ಹಲವು ಅದಕ್ಕೆ ನಾಟುವುದಿಲ್ಲ.

ಉಣ್ಣೆಯ ಕಾಟ

ದನಗಳ ಮೇಲಿನ ಸಾಮಾನ್ಯ ಉಣ್ಣೆ ಸುಮಾರು 21 ದಿನ ಒಂದೇ ದನದ ಮೈಮೇಲೆ ಬೆಳೆದು, ರಕ್ತ ತುಂಬಿ ಉದುರಿ, ಸಾವಿರಾರು ಮೊಟ್ಟೆ ಇಡುತ್ತದೆ. ಮಿಶ್ರತಳಿ ಹಸುಗಳಿಗೆ ಮಾರಕವಾದ ಥೈಲೇರಿಯಾ ಜ್ವರ ಹರಡುವ ಇನ್ನೊಂದು ಜಾತಿ ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ಅಡಗುತ್ತದೆ. ಆದ್ದರಿಂದ ದನದ ಮೈಗೆ ಮಾತ್ರ ಔಷಧ ಸಿಂಪಡಿಸಿ ಗೋಡೆಯನ್ನು ಬಿಟ್ಟರೆ ಕೆಲಸ ಅರ್ಧವೇ ಆದಂತೆ. ಬಿರುಕುಗಳನ್ನು ಮೆತ್ತಿ, ಗೋದಲಿಯ ಸಂದುಗಳಿಗೂ ಸಿಂಪಡಿಸಿ, ಮೂರು ವಾರದ ನಂತರ ಮತ್ತೊಮ್ಮೆ ಮಾಡಬೇಕು. ಲೇಬಲ್‌ನಲ್ಲಿ ಹೇಳಿದಷ್ಟೇ ನೀರು ಬೆರೆಸಿ, ಮೊದಲು ದನಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಮೈ ನೆಕ್ಕದಂತೆ ಮೂತಿಗೆ ಕುಕ್ಕೆ ಕಟ್ಟಿ, ಬಿಸಿಲಿಳಿದ ಹೊತ್ತಿನಲ್ಲಿ ಸಿಂಪಡಿಸಿ. ಕಿವಿಯ ಒಳಬದಿ, ಬಾಲದ ಬುಡ, ಕೆಚ್ಚಲಿನ ಸಂದು ಮರೆಯದಿರಲಿ. ಕಿತ್ತ ಉಣ್ಣೆಯನ್ನು ಬೆರಳಲ್ಲಿ ಹಿಸುಕದೆ ಸೀಮೆಎಣ್ಣೆಯಲ್ಲಿ ಹಾಕಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯೂ ಕಾಡಿನ ಉಣ್ಣೆಯಿಂದಲೇ ಬರುವಂಥದ್ದಾದ್ದರಿಂದ, ಕಾಡಿನಲ್ಲಿ ಮೇಯ್ದು ಬಂದ ದನಗಳ ಮೈ ನೋಡುವವರು ಕೈಗವಸು ಹಾಕಿಕೊಳ್ಳಬೇಕು.

ತೀವ್ರ ಜ್ವರ, ಭುಜದ ಮುಂದೆ ಊದಿದ ಗಂಟು, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯಬೇಡಿ. ಹಸುವಿನ ಮೈಶಾಖ ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿರುತ್ತದೆ. 104 ದಾಟಿದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸಿಕೊಳ್ಳಬಹುದು.

ಲಸಿಕೆಗಳ ವಿಷಯ ಚಿಕ್ಕದು, ಆದರೆ ತಪ್ಪಿಸುವಂತಿಲ್ಲ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆರಡು ಬಾರಿ, ಗಳಲೆ ಮತ್ತು ಚಪ್ಪೆ ರೋಗದ್ದು ಮಳೆಗೆ ಮೊದಲು, ಮೇಕೆಗಳಿಗೆ ಕರುಳುಬೇನೆಯದ್ದು ಮಳೆಗೆ ಮೊದಲು, ಮೇಕೆ ಕುರಿಗಳ ಮಾರಕ ಅಂಟುರೋಗವಾದ ಪಿಪಿಆರ್‌ನ ಲಸಿಕೆ ಮರಿಗೆ ಮೂರು ನಾಲ್ಕು ತಿಂಗಳು ತುಂಬಿದ ಮೇಲೆ. ಸಂತೆಯಿಂದ ತಂದ ಮೇಕೆಯನ್ನು ಮೂರು ವಾರ ಬೇರೆಯೇ ಕಟ್ಟಿ, ಆಮೇಲೆ ಹಿಂಡಿಗೆ ಸೇರಿಸಿ.

ಹೊಟ್ಟೆಯುಬ್ಬರ ಇದೇ ಕಾಲದ ಇನ್ನೊಂದು ತೊಂದರೆ. ಹಸಿದ ದನ ಒದ್ದೆ ಎಳೆ ಮೇವನ್ನು ಅತಿಯಾಗಿ ತಿಂದಾಗ ಎಡಪಕ್ಕೆಯ ಗುಳಿ ತುಂಬಿ ತಮಟೆಯಂತೆ ಬಿಗಿಯುತ್ತದೆ. ಕೂಡಲೇ ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡಲಾಗಿ ಕೋಲು ಕಟ್ಟಿ ಜಗಿಯುವಂತೆ ಮಾಡಿ, ಎಡಪಕ್ಕೆಯನ್ನು ತಿಕ್ಕುತ್ತಿರಿ. ಅಡುಗೆ ಎಣ್ಣೆಯನ್ನು ದನಕ್ಕೆ ಕಾಲು ಲೀಟರಿನಷ್ಟು, ಮೇಕೆಗೆ 50ರಿಂದ 100 ಮಿ.ಲೀ. ನಿಧಾನವಾಗಿ ಕುಡಿಸಬಹುದು. ಉಸಿರಾಟ ಕಷ್ಟವಾಗಿದ್ದರೆ ಅಥವಾ ನೆಲಕ್ಕೆ ಒರಗಿದ್ದರೆ ಬಾಯಿಗೆ ಏನನ್ನೂ ಹಾಕದೆ, ಎದೆಯ ಮೇಲೆ ಕೂರುವಂತೆ ಒತ್ತುಕೊಟ್ಟು, ವೈದ್ಯರು ಬರುವವರೆಗೆ ಪಕ್ಕದಲ್ಲೇ ಇರಿ.