ಒಂದು ವರ್ಷ ಪಾಠ ಹೇಳಲು ಹೊರದೇಶಕ್ಕೆ: ಹೊರಡುವ ಮೊದಲು, ತಲುಪಿದ ಮೇಲೆ

ಡಿಗ್ರಿಯೋ ಬಿ.ಇಡಿಯೋ ಮುಗಿಸಿ, ಒಂದು ವರ್ಷ ಹೊರದೇಶದ ಶಾಲೆಯಲ್ಲಿ ಸಂಬಳವಿಲ್ಲದೆ ಪಾಠ ಹೇಳಲು ಹೊರಟ ನಮ್ಮ ಕೊಡಗು ಜಿಲ್ಲೆಯ ಕೆಲವರಿಗೆ ಕಾಗದಪತ್ರ ಹೊಂದಿಸಿಕೊಳ್ಳಲು ನೆರವಾಗಿದ್ದೇನೆ. ಅವರಲ್ಲಿ ಹೆಚ್ಚಿನವರು ಎಡವಿದ್ದು ಎರಡೇ ಕಡೆ. ಹೊರಡುವ ಮೊದಲು ಹೆಸರಿನ ವಿಷಯದಲ್ಲಿ, ಹೋದ ಮೇಲೆ ಮೊದಲ ವಾರಗಳ ತರಗತಿಯಲ್ಲಿ. ಈ ಎರಡನ್ನು ಬಿಡಿಸಿ ಹೇಳುತ್ತೇನೆ, ಉಳಿದದ್ದನ್ನು ಚುಟುಕಾಗಿ. ಉದಾಹರಣೆಗೆ ಉಗಾಂಡಾ ಇಟ್ಟುಕೊಂಡಿದ್ದೇನೆ. ನಮ್ಮ ತೋಟದ ರೋಬಸ್ಟಾ ಕಾಫಿ ಅಲ್ಲಿನ ಕಾಡಿನಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಗಿಡ. ಬೇರೆ ದೇಶವಾದರೂ ಕ್ರಮ ಹೆಚ್ಚುಕಡಿಮೆ ಇದೇ.

ಶಾಲೆ ಆರಿಸುವಾಗ

ಕಳುಹಿಸುವ ಸಂಸ್ಥೆ ಎಷ್ಟೇ ದೊಡ್ಡದಿರಲಿ, ನೀವು ಪಾಠ ಮಾಡಲಿರುವ ಶಾಲೆಯ ಮುಖ್ಯೋಪಾಧ್ಯಾಯರ ಜತೆ ನೇರವಾಗಿ ಮಾತಾಡದೆ ಒಪ್ಪಿಕೊಳ್ಳಬೇಡಿ. ಯಾವ ತರಗತಿ, ಯಾವ ವಿಷಯ, ನಾನು ಬಂದರೆ ಅಲ್ಲಿನ ಯಾರದಾದರೂ ಕೆಲಸ ಹೋಗುತ್ತದೆಯೇ ಎಂದು ಕೇಳಿ. ವಸತಿ, ಊಟ, ಅಲ್ಲಿ ಕೆಲಸ ಮಾಡುವ ಪರ್ಮಿಟ್ಟಿನ ಶುಲ್ಕ, ವಿಮೆ, ವಾಪಸ್ ಟಿಕೆಟ್ ಯಾರ ಖರ್ಚು ಎಂಬುದು ಬರಹದಲ್ಲಿರಲಿ. ‘ಎರಡು ವಾರ ಪಾಠ, ಒಂದು ವಾರ ಸಫಾರಿ’ ಎಂದು ದುಡ್ಡು ಕೇಳುವ ಪ್ಯಾಕೇಜುಗಳನ್ನು ಮುಟ್ಟಬೇಡಿ. ಅನಾಥಾಲಯಕ್ಕೆ ಕರೆಯುವವರ ಹತ್ತಿರವೂ ಸುಳಿಯಬೇಡಿ. ತಿಂಗಳಿಗೊಬ್ಬರು ಹೊಸಬರು ಬಂದು ಹೋಗುವುದು ಆ ಮಕ್ಕಳಿಗೆ ಒಳ್ಳೆಯದಲ್ಲ.

ಹೆಸರು: ಇಲ್ಲಿ ಒಂದಿಡೀ ದಿನ ಕೂರಿ

ಕೊಡವರಲ್ಲೂ ಅರೆಭಾಷೆ ಗೌಡರಲ್ಲೂ ಮನೆಹೆಸರು ಮುಂದೆ ಬರುತ್ತದೆ. ಶಾಲೆಗೆ ಸೇರಿಸುವಾಗ ಅದನ್ನು ಒಂದಕ್ಷರಕ್ಕೆ ಇಳಿಸಿ, ಅಪ್ಪನ ಹೆಸರಿನದೊಂದು ಅಕ್ಷರ ಸೇರಿಸಿ ‘ಕೆ. ಎಂ. ಕಾವೇರಮ್ಮ’ ಎಂದು ಬರೆಸಿರುತ್ತಾರೆ. ಆಧಾರ್‌ನಲ್ಲಿ ಅದು ‘ಕಾವೇರಮ್ಮ ಕೆ ಎಂ’. ಡಿಗ್ರಿ ಸರ್ಟಿಫಿಕೇಟಿನಲ್ಲಿ ಮನೆಹೆಸರು ಪೂರ್ತಿ ಇದೆ, ಅಪ್ಪನ ಹೆಸರು ಇಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಹೀಗೆ ಒಬ್ಬ ಹುಡುಗಿ ನಾಲ್ಕು ಕಾಗದದಲ್ಲಿ ನಾಲ್ಕು ಜನ ಆಗುತ್ತಾಳೆ. ನಮಗಿದು ಸಹಜವಾಗಿ ಕಾಣುತ್ತದೆ. ಮಡಿಕೇರಿಯನ್ನು ಕೇಳಿಯೇ ಇರದ ವೀಸಾ ಅಧಿಕಾರಿಗೆ ಕಾಣುವುದಿಲ್ಲ.

ಮಾಡಬೇಕಾದ್ದು ಇಷ್ಟು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಒಂದು ಹಾಳೆಯಲ್ಲಿ ಪ್ರತಿಯೊಂದರಲ್ಲಿರುವ ನಿಮ್ಮ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನವನ್ನು ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೆ ಒಂದರ ಕೆಳಗೊಂದು ಬರೆಯಿರಿ. ಮನೆಹೆಸರಿನ ಕಾಗುಣಿತ ನೋಡಿ: ಒಂದು ಕಡೆ ಒಂದು ‘ಎ’ ಇದ್ದರೆ ಇನ್ನೊಂದು ಕಡೆ ಎರಡಿರುತ್ತದೆ. ಓದಿಕೊಂಡು ಹೋದರೆ ಇದು ತಪ್ಪಿಹೋಗುತ್ತದೆ, ಕೈಯಲ್ಲಿ ಬರೆದರೆ ಮಾತ್ರ ಸಿಗುತ್ತದೆ.

ಎಸ್ಸೆಸ್ಸೆಲ್ಸಿ ಕಾರ್ಡನ್ನು ಆಧಾರವಾಗಿಟ್ಟುಕೊಳ್ಳಿ. ಅದಕ್ಕೂ ಬೇರೆ ಕಾಗದಕ್ಕೂ ಇರುವುದು ಬರೀ ಇನಿಷಿಯಲ್ ವ್ಯತ್ಯಾಸವಾದರೆ, ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜತೆಗಿಡಿ. ಆ ಕಾರ್ಡಿನಲ್ಲೇ ಕಾಗುಣಿತವೋ ಹುಟ್ಟಿದ ದಿನವೋ ತಪ್ಪಿದ್ದರೆ ಅಫಿಡವಿಟ್ ನೆಚ್ಚಿಕೊಳ್ಳಬೇಡಿ. ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಿ ತಿದ್ದಿಸಿ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಹಾಗಾಗಿ ಎಲ್ಲಕ್ಕಿಂತ ಮೊದಲು ಶುರುಮಾಡಬೇಕಾದ ಕೆಲಸ ಇದು.

ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಪಾಸ್‌ಪೋರ್ಟಿನಲ್ಲಿ ಗಂಡನ ಮನೆಹೆಸರಿಗೆ ಬದಲಾಯಿಸಲೇಬೇಕು ಎಂಬ ನಿಯಮವಿಲ್ಲ. ಹೊರಡುವ ವರ್ಷ ಖಂಡಿತ ಬದಲಾಯಿಸಬೇಡಿ.

ಮೊಹರು

ನಮ್ಮ ಮಳೆಗಾಲದ ಬೂಷ್ಟಿಗೆ ಹೆದರಿ ಪ್ರತಿ ಮನೆಯಲ್ಲೂ ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿಟ್ಟಿರುತ್ತಾರೆ. ಆದರೆ ಸರ್ಟಿಫಿಕೇಟ್ ಅಸಲಿ ಎಂದು ಹೊರದೇಶದವರು ಒಪ್ಪಲು ಬೇಕಾದ ದೃಢೀಕರಣದ ಮೊಹರು ಬೀಳುವುದು ಮೂಲ ಪ್ರತಿಯ ಹಿಂಬದಿಯಲ್ಲಿ. ಪ್ಲಾಸ್ಟಿಕ್ ಮೇಲೆ ಮೊಹರು ಒತ್ತುವುದಿಲ್ಲ. ಮನೆಯಲ್ಲೇ ಸುಲಿಯಲು ಹೋದರೆ ಅಕ್ಷರವೂ ಕಿತ್ತು ಬರುತ್ತದೆ, ಡ್ಯೂಪ್ಲಿಕೇಟ್ ಪ್ರತಿಗೆ ಅರ್ಜಿ ಹಾಕುವುದೇ ಕ್ಷೇಮ. ಇನ್ನು ಮುಂದೆ ಯಾವ ಸರ್ಟಿಫಿಕೇಟನ್ನೂ ಲ್ಯಾಮಿನೇಶನ್ ಮಾಡಿಸಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಟ್ಟರೆ ಆಟಿ ತಿಂಗಳ ಮಳೆಗೂ ಏನೂ ಆಗುವುದಿಲ್ಲ.

ಕ್ರಮ ಹೀಗೆ: ಮೊದಲು ವಿಶ್ವವಿದ್ಯಾಲಯದ ಪರಿಶೀಲನೆ, ಆಮೇಲೆ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ, ಕೊನೆಗೆ ವಿದೇಶಾಂಗ ಸಚಿವಾಲಯ. ಒಂದು ದೇಶದ ದೃಢೀಕರಣವನ್ನು ಇನ್ನೊಂದು ದೇಶ ಹಾಗೆಯೇ ಒಪ್ಪುವ ಅಪೋಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ. ನೀವು ಹೋಗುವ ದೇಶವೂ ಅದರಲ್ಲಿದ್ದರೆ ಸಚಿವಾಲಯ ಕೊಡುವ ಅಪೋಸ್ಟಿಲ್ ಸಾಕು, ಇಲ್ಲದಿದ್ದರೆ ಸಚಿವಾಲಯದ ಮೊಹರಿನ ಮೇಲೆ ಆ ದೇಶದ ದೂತಾವಾಸದ ಮೊಹರೂ ಬೇಕು. ಯಾವುದು ಬೇಕೆಂದು ಶಾಲೆಯಿಂದ ಕೇಳಿ ತಿಳಿದ ಮೇಲೆಯೇ ಬಸ್ ಹತ್ತಿ. ‘ಎಲ್ಲ ನಾವೇ ಮಾಡಿಸಿಕೊಡುತ್ತೇವೆ’ ಎನ್ನುವ ಏಜೆಂಟರ ಕೈಗೆ ಮೂಲ ಪ್ರತಿ ಕೊಟ್ಟು ಬರುವುದು ನನಗೆ ಒಪ್ಪಿಗೆಯಿಲ್ಲ. ಕೊಡಲೇಬೇಕಾದರೆ ಸಹಿ ಹಾಕಿದ ರಸೀದಿ ತೆಗೆದುಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್, ಅಂದರೆ ನಿಮ್ಮ ಮೇಲೆ ಪ್ರಕರಣವಿಲ್ಲ ಎಂಬ ಪತ್ರ, ಹಳೆಯದಾದರೆ ಒಪ್ಪುವುದಿಲ್ಲ, ಅದನ್ನು ಕೊನೆಗೆ ಮಾಡಿಸಿ.

ವೀಸಾ, ಲಸಿಕೆ, ಫೋನು

ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಮಾಡಬೇಡಿ, ಸಂಬಳವಿಲ್ಲದಿದ್ದರೂ ಅದು ಕೆಲಸವೇ. ಉಗಾಂಡಾಕ್ಕೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು, ಲಸಿಕೆಯ ದಾಖಲೆಯಾದ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜತೆಗಿಡಿ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ವಾಪಸ್ ಬರುವಾಗ ಆ ಪುಸ್ತಕ ಇಲ್ಲದಿದ್ದರೆ ನಮ್ಮವರೇ ವಿಮಾನ ನಿಲ್ದಾಣದಿಂದ ಕ್ವಾರಂಟೈನಿಗೆ ಕಳುಹಿಸಬಹುದು. ಮಲೇರಿಯಾ ಮಾತ್ರೆಯ ವಿಷಯ ವೈದ್ಯರನ್ನೇ ಕೇಳಿ. ಅಲ್ಲಿ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ನಾಳೆ ನೋಡೋಣ ಎನ್ನಬೇಡಿ.

ಬ್ಯಾಂಕಿನ ಒಟಿಪಿ ಬರುವುದು ಇಲ್ಲಿನ ಸಿಮ್ಮಿಗೆ. ರೋಮಿಂಗ್ ಹಾಕಿಸಿ, ವರ್ಷಪೂರ್ತಿ ರೀಚಾರ್ಜ್ ಮಾಡುವ ಕೆಲಸ ಮನೆಯಲ್ಲಿ ಒಬ್ಬರಿಗೆ ವಹಿಸಿ. ಅಲ್ಲಿನ ಪ್ಲಗ್ಗಿಗೆ ಮೂರು ಚೌಕದ ಕಾಲು. ಎಲ್ಲ ದೇಶಕ್ಕೂ ಆಗುತ್ತದೆಂದು ಮಾರುವ ಹಗುರ ಅಡಾಪ್ಟರ್ ಬೇಡ, ಆ ಒಂದು ನಮೂನೆಯ ಗಟ್ಟಿ ಪ್ಲಗ್ ಎರಡು ಒಯ್ಯಿರಿ. ಅಡುಗೆಯ ಹುಳಿಗೆ ಒಯ್ಯುವ ಕಾಚಂಪುಳಿ ಬಾಟಲಿ ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ.

ಅಲ್ಲಿ ಶಾಲಾವರ್ಷ ಶುರುವಾಗುವುದು ಫೆಬ್ರವರಿ ಹೊತ್ತಿಗೆ. ಇಲ್ಲಿ ಆಗ ರೋಬಸ್ಟಾ ಕೊಯ್ಲು. ತೋಟದ ಮನೆಯವರಾದರೆ ಪುತ್ತರಿ ಹಬ್ಬಕ್ಕೆ ಮೊದಲೇ ಅಪ್ಪ ಅಮ್ಮನ ಹತ್ತಿರ ಕೂತು, ಕೊಯ್ಲು ಯಾರು ನೋಡಿಕೊಳ್ಳುತ್ತಾರೆಂದು ತೀರ್ಮಾನಿಸಿ.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ

ಹೊರದೇಶದ ತರಗತಿಯಲ್ಲಿ ಕಷ್ಟವಾಗುವುದು ಒಂದೇ: ಮಕ್ಕಳ ಮನೆಮಾತು ನಿಮಗೆ ಬಾರದು, ನಿಮ್ಮ ಉಚ್ಚಾರ ಅವರ ಕಿವಿಗೆ ಹೊಸದು. ಇಂಥ ತರಗತಿಗಳು ಕೊಡಗಿನಲ್ಲೇ ಇವೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ, ಬಂಗಾಳದಿಂದ ಬಂದವರ ಮಕ್ಕಳಿದ್ದಾರೆ. ಯರವ, ಜೇನುಕುರುಬ ಬುಡಕಟ್ಟಿನ ಮಕ್ಕಳು ಕಲಿಯುವ ಆಶ್ರಮ ಶಾಲೆಗಳಿವೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮೂರು ತಿಂಗಳು ಅಲ್ಲಿ ಗಣಿತ ಹೇಳಿಕೊಡಿ. ಆನ್‌ಲೈನಿನಲ್ಲಿ ವಾರದೊಳಗೆ ಸಿಗುವ ಶಿಕ್ಷಕ ಸರ್ಟಿಫಿಕೇಟಿಗೆ ಸುರಿಯುವ ದುಡ್ಡು ಉಳಿಯುತ್ತದೆ.

ಕಳೆಯುವ ಲೆಕ್ಕ ತೆಗೆದುಕೊಳ್ಳಿ. ‘ಈಗ ನಾವೆಲ್ಲ ಏನು ಮಾಡೋಣ ಅಂದರೆ’ ಎಂದು ಶುರುಮಾಡಿದರೆ ಮಕ್ಕಳ ಕಣ್ಣು ಕಿಟಕಿಗೆ ಹೋಗುತ್ತದೆ. ಬಾಯಿ ಮುಚ್ಚಿ ಹದಿಮೂರು ಕಾಫಿ ಬೀಜ ಮೇಜಿನ ಮೇಲಿಡಿ. ಐದು ತೆಗೆಯಿರಿ. ಉಳಿದದ್ದನ್ನು ಬೆರಳಿಟ್ಟು ಎಣಿಸಿ, ಬೋರ್ಡಿನಲ್ಲಿ ಬರೆಯಿರಿ. ಒಂದು ಮಗುವನ್ನು ಕರೆದು ಅದೇ ಮಾಡಿಸಿ. ಆಮೇಲೆ ಇಬ್ಬಿಬ್ಬರು ಜೋಡಿಯಾಗಿ. ಎಲ್ಲರೂ ಪುಸ್ತಕಕ್ಕೆ ಇಳಿಸುವುದು ಕೊನೆಗೆ. ಸೂಚನೆ ನಾಲ್ಕೈದು ಪದ ಮೀರಬಾರದು, ಪ್ರತಿದಿನವೂ ಅದೇ ಪದಗಳಿರಬೇಕು. ಅರ್ಥವಾಯಿತಾ ಎಂದು ಕೇಳಲೇಬೇಡಿ, ಎಲ್ಲ ಮಕ್ಕಳೂ ಹೂಂ ಎನ್ನುತ್ತಾರೆ. ಬದಲಿಗೆ ಹೊಸದೊಂದು ಲೆಕ್ಕ ಕೊಟ್ಟು ಸಾಲುಗಳ ನಡುವೆ ನಡೆದು ಪುಸ್ತಕ ನೋಡಿ.

ಅಲ್ಲಿ ಮೊದಲ ವಾರಗಳು

ಎರಡು ವಾರ ಪಾಠ ಮಾಡಬೇಡಿ. ಅಲ್ಲಿನ ಶಿಕ್ಷಕರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಬರೆದುಕೊಳ್ಳಿ. ಉಗಾಂಡಾದಲ್ಲಿ ಏಳನೇ ತರಗತಿಯ ಕೊನೆಗೆ ರಾಷ್ಟ್ರೀಯ ಪರೀಕ್ಷೆ ಇರುವುದರಿಂದ ಪಠ್ಯದ ಓಟ ಬಿಗಿಯಾಗಿರುತ್ತದೆ. ನಿಮ್ಮ ಹೊಸ ಆಟಪಾಠ ಅದರ ಲೆಕ್ಕ ತಪ್ಪಿಸಬಾರದು. ಮೂರನೇ ವಾರದಿಂದ ಅವರ ಜತೆ ಅರ್ಧ ಅವಧಿ ಹಂಚಿಕೊಳ್ಳಿ, ತಿಂಗಳಾದ ಮೇಲೆ ಪೂರ್ತಿ ತರಗತಿ. ಮುಖ್ಯೋಪಾಧ್ಯಾಯರು ಮೊದಲ ದಿನವೇ ಸೀಮೆಸುಣ್ಣ ಕೈಗಿಟ್ಟರೆ, ಎರಡು ವಾರ ಕಲಿಯಲು ಬಿಡಿ ಸರ್ ಎಂದು ವಿನಯದಿಂದ ಕೇಳಿಕೊಳ್ಳಿ.

ರಾಜಧಾನಿ ಕಂಪಾಲಾ ಸುತ್ತಮುತ್ತ ಲುಗಾಂಡಾ ಮಾತು. ‘ಓಲಿ ಓಟ್ಯಾ’ ಎಂದು ಕ್ಷೇಮ ಕೇಳದೆ ವಿಷಯಕ್ಕೆ ಇಳಿಯಬೇಡಿ, ‘ವೆಬಾಲೆ’ ಎಂದು ವಂದನೆ ಹೇಳದೆ ಏಳಬೇಡಿ. ಸ್ಟಾಫ್ ರೂಮಿನಲ್ಲಿ ಕೊಟ್ಟ ಪೋಶೋ ಎಂಬ ಜೋಳದ ಹಿಟ್ಟಿನ ಮುದ್ದೆ, ಹುರುಳಿಕಾಯಿ ಬೀಜದ ಸಾರು ಎಲ್ಲರ ಜತೆ ಕೂತು ಉಣ್ಣಿ. ಬೆತ್ತ ಕಂಡರೆ ಕೈಗೆ ತೆಗೆದುಕೊಳ್ಳಬೇಡಿ. ಶಾಲೆಯಲ್ಲಿ ಹೊಡೆಯುವುದನ್ನು ಅಲ್ಲಿನ ಕಾನೂನು 2016ರಲ್ಲೇ ನಿಷೇಧಿಸಿದೆ. ಬೇರೆಯವರು ಹೊಡೆದರೆ ಮಕ್ಕಳೆದುರು ಜಗಳಕ್ಕೆ ಹೋಗದೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಹೇಳಿ. ಮಕ್ಕಳ ಫೋಟೊ ಸ್ಟೇಟಸ್ಸಿಗೆ ಹಾಕಬೇಡಿ.

ಮನೆಗೆ ಫೋನು ಮಾಡಲು ವಾರದಲ್ಲಿ ಒಂದು ದಿನ ಗೊತ್ತುಮಾಡಿ. ಅಲ್ಲಿ ಸಂಜೆ ಆರೂವರೆ ಅಂದರೆ ಇಲ್ಲಿ ರಾತ್ರಿ ಒಂಬತ್ತು. ಯಾವ ದಿನ ಯಾವ ಪಾಠ, ಯಾವ ಮಗು ಎಲ್ಲಿ ತೊಡಕಿತು ಎಂಬುದನ್ನು ಒಂದೇ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಾ ಬನ್ನಿ. ಪ್ರತಿ ಟರ್ಮ್ ಮುಗಿದಾಗ ಅದರ ಪ್ರತಿಯನ್ನು ತರಗತಿ ಶಿಕ್ಷಕರಿಗೆ ಕೊಡಿ, ನೀವು ಹೊರಟ ಮೇಲೆ ಆ ಮಕ್ಕಳನ್ನು ಮುಂದುವರಿಸುವವರು ಅವರೇ.