ಕಲೆ ಬಿದ್ದ ಹಳೆ ಗೋಡೆ: ಬಣ್ಣಕ್ಕಿಂತ ಮೊದಲು ನೀರಿನ ದಾರಿ ನೋಡಿ

ಬೆಳಗಾವಿಯಲ್ಲಿ ಮಳೆ ಗಾಳಿ ಜೊತೆ ಪಡುವಣದಿಂದ ಬಡಿಯುತ್ತದೆ. ಟಿಳಕವಾಡಿಯ ನಮ್ಮ ಹಳೆ ಮನೆಯ ಆ ಕಡೆ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಿಯಾಗಿ ಒಣಗುವುದೇ ಇಲ್ಲ. ಗೋಡೆಯಿಂದ ಹೊರಚಾಚಿದ ಸಜ್ಜಾದ ಕೆಳಗೆ ಕಪ್ಪು ಗೆರೆ, ಬುಡದಲ್ಲಿ ಬಿಳಿ ಪುಡಿ, ಒಂದು ಮೂಲೆಯಲ್ಲಿ ಕಂದು ಕಲೆ. ನೋಡಲು ಬಂದ ಪೇಂಟರ್, "ಎರಡ ಕೋಟ್ ಹಚ್ಚಿದ್ರ ಎಲ್ಲಾ ಮುಚ್ಚಿ ಹೋಗತೈತ್ರಿ ಸರ್" ಅಂದರು. ಮುಚ್ಚುತ್ತದೆ, ಆದರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಹಾಗಾಗಿ ಕೆಲಸಕ್ಕೆ ನಾನೇ ಇಳಿದೆ.

ಮೊದಲು ಯಾವ ಕಲೆ ಏನು ಅಂತ ತಿಳಿಯಬೇಕು. ಕಪ್ಪು ಜಾಗಕ್ಕೆ ಒಂದೆರಡು ಹನಿ ಬ್ಲೀಚ್ ಹಾಕಿ ಸ್ವಲ್ಪ ಹೊತ್ತು ಬಿಟ್ಟೆ. ಬಣ್ಣ ತಿಳಿಯಾಯಿತು, ಅಂದರೆ ಪಾಚಿ. ಬರೀ ಧೂಳಾಗಿದ್ದರೆ ಹಾಗೇ ಇರುತ್ತಿತ್ತು. ಬಿಳಿ ಪುಡಿಗೆ ನೀರು ಚಿಮುಕಿಸಿದರೆ ಕರಗಿ ಕಾಣದಾಯಿತು, ಅದು ಗೋಡೆಯೊಳಗಿಂದ ನೀರು ಹೊತ್ತು ತಂದ ಉಪ್ಪು. ಅದಕ್ಕೇ ಉಪ್ಪನ್ನು ಮೊದಲು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆದೆ. ನೀರು ಹೊಯ್ದರೆ ಮತ್ತೆ ಒಳಗೇ ಹೋಗುತ್ತದೆ.

ಆಮೇಲೆ ನೀರಿನ ದಾರಿ. ಮಳೆ ಬರುವಾಗ ಕೊಡೆ ಹಿಡಿದು ಗೋಡೆ ಮುಂದೆ ನಿಂತು ನೋಡಿ, ಎಲ್ಲ ಗೊತ್ತಾಗುತ್ತದೆ. ನಮ್ಮ ಸಜ್ಜಾದ ಅಂಚಿನ ಅಡಿಯಲ್ಲಿ ಹನಿ ಕತ್ತರಿಸುವ ಸಣ್ಣ ತೋಡೇ ಇರಲಿಲ್ಲ, ನೀರು ಅಂಚಿನಿಂದ ಕೆಳಗೆ ಬೀಳದೆ ಸಜ್ಜಾದ ಅಡಿಗೆ ಅಂಟಿಕೊಂಡೇ ಒಳಗೆ ಹರಿದು ಗೋಡೆಗೆ ಇಳಿಯುತ್ತಿತ್ತು. ಅಂಚಿನ ಕೆಳಗೆ ಉದ್ದಕ್ಕೂ ಪಿವಿಸಿ ಪಟ್ಟಿ ಅಂಟಿಸಿ ಸೀಲೆಂಟ್ ತುಂಬಿದೆ. ಈಗ ಹನಿ ಅಲ್ಲೇ ತುಂಡಾಗಿ ನೆಲಕ್ಕೆ ಬೀಳುತ್ತದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದ್ದು ಇದು, ಜಾಸ್ತಿ ಫಲ ಕೊಟ್ಟಿದ್ದೂ ಇದೇ.

ಕಂದು ಕಲೆ ಬಂದಿದ್ದು ಒಳಗಿನ ಕಬ್ಬಿಣದಿಂದ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟ್ ಒಡೆದಿತ್ತು. ಅದರ ಮೇಲೆ ಬಣ್ಣ ಹಚ್ಚಿ ಏನು ಉಪಯೋಗ? ಸಡಿಲವಾದದ್ದನ್ನು ಕೆತ್ತಿ ತೆಗೆದು, ಸರಳು ಹೊಳೆಯುವವರೆಗೆ ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಲೇಟೆಕ್ಸ್ ಬೆರೆಸಿದ ಸಿಮೆಂಟ್ ಗಾರೆ ತುಂಬಿದೆ. ದೊಡ್ಡ ತುಂಡು ಉದುರುತ್ತಿದ್ದರೆ ಅಥವಾ ಸರಳು ತೆಳ್ಳಗಾಗಿದ್ದರೆ ಇಂಜಿನಿಯರ್‌ಗೆ ತೋರಿಸಿಯೇ ಮುಟ್ಟಿ.

ಪಾಚಿಗೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಲಸಿ, ಪುಡಿ ಕೆಳಗೆ ಕೂತ ಮೇಲೆ ತಿಳಿನೀರು ಮಾತ್ರ ಹಚ್ಚಿದೆ. ಕಾಲು ಗಂಟೆ ಬಿಟ್ಟು ನೈಲಾನ್ ಬ್ರಷ್‌ನಿಂದ ತಿಕ್ಕಿ ತೊಳೆದೆ. ಹತ್ತಿರದ ಗಿಡಗಳಿಗೆ ಮೊದಲೇ ನೀರು ಹಾಕಿ ಪ್ಲಾಸ್ಟಿಕ್ ಹೊದಿಸಿದ್ದೆ. ಕೈಗವಸು, ಕನ್ನಡಕ ಬೇಕೇ ಬೇಕು. ಇದರ ಜೊತೆ ಆಸಿಡ್ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೆ ಅಪಾಯ.

ಒಣಗಿದ ಮೇಲೂ ಅವಸರ ಮಾಡಲಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, 16 ಗಂಟೆಗೂ ಜಾಸ್ತಿ ಬಿಟ್ಟು ತೆಗೆದೆ. ಒಳಗೆ ಹನಿ ಕೂತಿದ್ದರೆ ಗೋಡೆ ಇನ್ನೂ ಹಸಿ ಅಂತ ಅರ್ಥ. ಬುಡದಲ್ಲಿ ಹನಿ ಇತ್ತು, ಕಾದೆ. ಹೊಸ ಸಿಮೆಂಟಿನ ಜಾಗಕ್ಕೆ 28 ದಿನ ಬಿಟ್ಟು ಪ್ರೈಮರ್ ಹಚ್ಚಿದರೆ ಒಳ್ಳೆಯದು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ, ಪ್ರೈಮರ್ ಕೊಳ್ಳುವಾಗ ಕ್ಷಾರ ತಡೆಯುವುದನ್ನೇ ಕೇಳಿ.

ಹಳೆ ಬಣ್ಣ ಉಳಿದ ಕಡೆ ಅಂಗೈ ಉಜ್ಜಿ ನೋಡಿ. ಸುಣ್ಣದ ಹಾಗೆ ಕೈಗೆ ಹತ್ತಿದರೆ ತೊಳೆಯದೆ ಪ್ರೈಮರ್ ಹಿಡಿಯುವುದಿಲ್ಲ. ಮಳೆ ಪೂರ್ತಿ ಹೋದ ಮೇಲೆ, ನವೆಂಬರ್‌ನಲ್ಲಿ ಹೊರಗೋಡೆಯ ಎಮಲ್ಶನ್ ಹಚ್ಚಿದೆ. ಗೋಡೆಯ ತೇವ ಹೊರಹೋಗಲು ಅದು ಬಿಡುತ್ತದೆ, ಆಯಿಲ್ ಪೇಂಟ್ ಬಿಡುವುದಿಲ್ಲ. ಪಡುವಣ ಗೋಡೆಗೆ ಬೆಳಿಗ್ಗೆಯೇ ಸರಿ, ಇಬ್ಬನಿ ಆರಿದ ಮೇಲೆ, ಬಿಸಿಲು ಬರುವ ಮುಂಚೆ.

ಈ ಮಳೆಗಾಲ ಕಳೆದ ಮೇಲೆ ಸಜ್ಜಾದ ಕೆಳಗೆ ಗೆರೆ ಬಿದ್ದಿಲ್ಲ. ಬುಡಕ್ಕೆ ಮಳೆನೀರು ಸಿಡಿಯದಂತೆ ಖಡಿ (ಜಲ್ಲಿಕಲ್ಲು) ಹಾಸಿದ್ದೇನೆ. ಅಡುಗೆಮನೆ ಪೈಪಿನ ಹತ್ತಿರ ಮಾತ್ರ ಸ್ವಲ್ಪ ಹಸಿರು ಮೂಡಿದೆ, ಅಲ್ಲಿ ಜಾಯಿಂಟ್ ಸೋರುತ್ತಿದೆ, ಪ್ಲಂಬರ್‌ಗೆ ಹೇಳಿದ್ದೇನೆ.